ಟಾಸ್ಕ್ ಕೊಟ್ಟು ಇಂಗ್ಲಿಷ್ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಸುವವರು ಟಾಸ್ಕ್ ಆಧಾರಿತ ಕಲಿಕೆ ಎಂದ ಕೂಡಲೇ ಕೇಳುವುದು ಸಿದ್ಧಾಂತದ ಪ್ರಶ್ನೆಗಳನ್ನಲ್ಲ. ಗಲಾಟೆ ಆಗಲ್ವಾ? ಸಿಲಬಸ್ ಮುಗಿಯುತ್ತಾ? ವ್ಯಾಕರಣದ ಗತಿ ಏನು? ಕೆಳಗೆ ಅಂಥ ಪ್ರಶ್ನೆಗಳಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಸಿದ್ಧಾಂತ ಬೇಕಾದ ಕಡೆ ಮಾತ್ರ ಬರುತ್ತದೆ.

ಟಾಸ್ಕ್ ಅಂದ್ರೆ ಏನು? ನಾವು ಈಗಾಗಲೇ ಕೊಡುವ ಚಟುವಟಿಕೆಗಳೂ ಟಾಸ್ಕೇ ಅಲ್ವಾ?

ಕೆಲವು ಹೌದು, ಬಹಳಷ್ಟು ಅಲ್ಲ.

"ಕೊಟ್ಟಿರುವ ಕ್ರಿಯಾಪದವನ್ನು ಭೂತಕಾಲಕ್ಕೆ ಬದಲಿಸಿ" ಎಂಬುದು ಟಾಸ್ಕ್ ಅಲ್ಲ. ಬಾಯಿಪಾಠ ಮಾಡಿದ ಸಂಭಾಷಣೆಯನ್ನು ಇಬ್ಬರು ಎದ್ದು ನಿಂತು ಒಪ್ಪಿಸುವುದೂ ಅಲ್ಲ. ಈಗ ಇದನ್ನು ನೋಡಿ. ಇಬ್ಬರ ಕೈಯಲ್ಲಿ ಹೆಚ್ಚೂಕಡಿಮೆ ಒಂದೇ ಥರದ ಎರಡು ಚಿತ್ರಗಳಿವೆ. ಅವುಗಳಲ್ಲಿ ಆರು ವ್ಯತ್ಯಾಸಗಳಿವೆ. ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡುವಂತಿಲ್ಲ. ಮಾತಾಡಿಕೊಂಡೇ ಆರನ್ನೂ ಕಂಡುಹಿಡಿಯಬೇಕು. ಇದು ಟಾಸ್ಕ್.

ಈ ಕ್ಷೇತ್ರದಲ್ಲಿ ತುಂಬಾ ಬರೆದಿರುವ ರಾಡ್ ಎಲ್ಲಿಸ್ ಟಾಸ್ಕ್‌ಗೆ ನಾಲ್ಕು ಲಕ್ಷಣ ಹೇಳುತ್ತಾರೆ. ಗಮನ ಮುಖ್ಯವಾಗಿ ಅರ್ಥದ ಮೇಲಿರಬೇಕು. ತುಂಬಿಸಬೇಕಾದ ಒಂದು ಕೊರತೆ ಇರಬೇಕು, ಅಂದರೆ ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರಬಾರದು, ಅಥವಾ ಇಬ್ಬರೂ ಸೇರಿ ಏನನ್ನೋ ತೀರ್ಮಾನಿಸಬೇಕು. ಕಲಿಯುವವರು ತಮಗೆ ಬರುವ ಭಾಷೆಯನ್ನೇ ಬಳಸಿ ದಾರಿ ಹುಡುಕಬೇಕು. ಕೊನೆಗೆ ಭಾಷೆಯ ಆಚೆಗಿನ ಒಂದು ಫಲ ಕೈಗೆ ಸಿಗಬೇಕು: ಒಂದು ಪಟ್ಟಿ, ಒಂದು ನಿರ್ಧಾರ, ಒಂದು ನಕ್ಷೆ, ಒಂದು ವೇಳಾಪಟ್ಟಿ, ಏನಾದರೂ.

ನಾಲ್ಕನ್ನೂ ನೆನಪಿಟ್ಟುಕೊಳ್ಳುವುದು ಕಷ್ಟ ಅನ್ನಿಸಿದರೆ ಒಂದೇ ಪ್ರಶ್ನೆ ಸಾಕು: ಕೆಲಸ ಮುಗಿಯಿತು ಅಂತ ಮಕ್ಕಳಿಗೆ ಹೇಗೆ ಗೊತ್ತಾಗುತ್ತದೆ? "ಆರು ವ್ಯತ್ಯಾಸ ಸಿಕ್ಕಿದಾಗ" ಎಂದಾದರೆ ಅದು ಟಾಸ್ಕ್. "ಹತ್ತು ವಾಕ್ಯ ಹೇಳಿದಾಗ" ಎಂದಾದರೆ ಅದು ಅಭ್ಯಾಸ. "ಮೇಡಂ ಸಾಕು ಅಂದಾಗ" ಎಂದಾದರೆ ಅದು ಸುಮ್ನೆ ಕಾಲ ಕಳೆಯುವುದು. "ಪರಿಸರ ಮಾಲಿನ್ಯದ ಬಗ್ಗೆ ಗುಂಪಿನಲ್ಲಿ ಚರ್ಚಿಸಿ" ಎನ್ನುವುದು ಈ ಮೂರನೇ ಜಾತಿಗೆ ಸೇರುತ್ತದೆ. ಅದನ್ನೇ ಸ್ವಲ್ಪ ತಿರುಗಿಸಿ: "ಇಲ್ಲಿ ಐದು ಉಪಾಯಗಳಿವೆ. ಹಣ ಇರುವುದು ಎರಡಕ್ಕೆ ಮಾತ್ರ. ಯಾವ ಎರಡು? ಬಿಟ್ಟ ಮೂರನ್ನು ಯಾಕೆ ಬಿಟ್ಟಿರಿ?" ಈಗ ಜಗಳ ಶುರುವಾಗುತ್ತದೆ. ಜಗಳದ ಜೊತೆ ಭಾಷೆಯೂ ಬರುತ್ತದೆ.

ಇದು ವಿದೇಶದಿಂದ ಬಂದ ಹೊಸ ಫ್ಯಾಷನ್ ಅಲ್ವಾ?

ಹೊಸದಂತೂ ಅಲ್ಲ. ವಿದೇಶದ್ದು ಅನ್ನುವುದೂ ಪೂರ್ತಿ ನಿಜವಲ್ಲ. ಈ ಪದ್ಧತಿಯ ಮೊದಲ ದೊಡ್ಡ ಪ್ರಯೋಗಕ್ಕೆ ಜಗತ್ತಿನಾದ್ಯಂತ ಇರುವ ಹೆಸರೇ "ಬೆಂಗಳೂರು ಪ್ರಾಜೆಕ್ಟ್". ಎನ್. ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಇದನ್ನು ನಡೆಸಿದರು. ಅವರು ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. ಅಲ್ಲಿ ವ್ಯಾಕರಣದ ಪಟ್ಟಿ ಇಟ್ಟುಕೊಂಡು ಪಾಠ ಮಾಡಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ, ಲೆಕ್ಕ ಇಂಥವನ್ನು ಕೊಟ್ಟು ಸಮಸ್ಯೆ ಬಿಡಿಸಲು ಹೇಳಿದರು. ಅರ್ಥದ ಕಡೆ ಮನಸ್ಸು ಇದ್ದಾಗಲೇ ವ್ಯಾಕರಣ ಒಳಗೊಳಗೇ ಬೆಳೆಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಅವರು ಈ ಅನುಭವವನ್ನು ಪುಸ್ತಕವಾಗಿ ತಂದರು.

ಪ್ರಭು ಮಾಡಿದ ಒಂದು ವಿಂಗಡಣೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಕೆಲವು ಟಾಸ್ಕ್‌ಗಳಲ್ಲಿ ಕೊರತೆ ಇರುವುದು ಮಾಹಿತಿಯದು: ನನ್ನ ಬಳಿ ಇರುವುದು ನಿಮ್ಮ ಬಳಿ ಇಲ್ಲ. ಕೆಲವುದರಲ್ಲಿ ತರ್ಕದ್ದು: ಮಾಹಿತಿ ಎಲ್ಲರ ಮುಂದೆಯೇ ಇದೆ, ಅದರಿಂದ ಹೊಸದೊಂದನ್ನು ಹೊರಡಿಸಬೇಕು. ಮೂರನೆಯದು ಅಭಿಪ್ರಾಯದ್ದು: ನಿಮಗೇನು ಅನ್ನಿಸುತ್ತದೆ ಅಂತ ನೀವೇ ಹೇಳಬೇಕು. ಶಾಲಾ ಮಕ್ಕಳಿಗೆ ಪ್ರಭು ತರ್ಕದ ಟಾಸ್ಕ್‌ಗಳನ್ನೇ ಹೆಚ್ಚು ಮೆಚ್ಚಿದರು. ಮಾಹಿತಿ ದಾಟಿಸುವುದು ಒಂದೆರಡು ಪದಗಳಲ್ಲಿ ಮುಗಿದುಹೋಗುತ್ತದೆ. ಅಭಿಪ್ರಾಯ ಹೇಳುವಷ್ಟು ಭಾಷೆ ಆರಂಭದಲ್ಲಿ ಇರುವುದಿಲ್ಲ. ತರ್ಕದ ಟಾಸ್ಕ್ ಇವೆರಡರ ನಡುವೆ ಸರಿಯಾಗಿ ಕೂರುತ್ತದೆ. ಈ ವಿಷಯದಲ್ಲಿ ನನ್ನ ಮತವೂ ಅದೇ.

ಆಮೇಲೆ ಭಾಷಾ ಕಲಿಕೆಯ ಬಗ್ಗೆ ಕೆಲಸ ಮಾಡಿದ ಮೈಕೆಲ್ ಲಾಂಗ್, ಪೀಟರ್ ಸ್ಕೀಹನ್, ಜೇನ್ ವಿಲ್ಲಿಸ್, ಎಲ್ಲಿಸ್ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಇದನ್ನು ಬೆಳೆಸಿದರು. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿಗೆ ಡಚ್ ಕಲಿಸಲೂ ಇದನ್ನೇ ಬಳಸಿದರು.

ಮೊದಲು ನಿಯಮ ಹೇಳಿ, ಆಮೇಲೆ ಅಭ್ಯಾಸ ಮಾಡಿಸಿ, ಕೊನೆಗೆ ಮಾತಾಡಿಸುವ ಪದ್ಧತಿಯಲ್ಲಿ ತಪ್ಪೇನಿದೆ?

ಆ ಪದ್ಧತಿಯಲ್ಲಿ ಕಲಿತವರು ಲಕ್ಷಗಟ್ಟಲೆ ಇದ್ದಾರೆ. ಹಾಗಾಗಿ ತಪ್ಪು ಎಂದು ಒಂದೇ ಏಟಿಗೆ ಹೇಳಲು ಬರುವುದಿಲ್ಲ. ತೊಂದರೆ ಇರುವುದು ಅದರ ಬುಡದಲ್ಲಿರುವ ಒಂದು ಊಹೆಯಲ್ಲಿ: ಇವತ್ತು ಕಲಿಸಿದ್ದನ್ನು ಇವತ್ತೇ ಕಲಿಯುತ್ತಾರೆ.

ಭಾಷೆ ಹಾಗೆ ಬರುವುದಿಲ್ಲ. "ಹಿ ಗೋಸ್" ಎನ್ನುವಾಗಿನ ಆ ಕೊನೆಯ "ಸ್" ನೋಡಿ. ಎಲ್ಲರೂ ಅದನ್ನು ಮೊದಮೊದಲೇ ಕಲಿಸುತ್ತೇವೆ. ನಿಯಮ ಕೇಳಿದರೆ ಮಕ್ಕಳು ಥಟ್ಟನೆ ಹೇಳುತ್ತಾರೆ. ಆದರೆ ಸಹಜವಾಗಿ ಮಾತಾಡುವಾಗ ಅದು ನಾಲಿಗೆಗೆ ಬರುವುದು ತುಂಬಾ ತಡವಾಗಿ. "ಇಲ್ಲ" ಎನ್ನುವುದನ್ನು ಕಲಿಯುವುದಕ್ಕೂ ಒಂದು ಕ್ರಮ ಇದೆ. ಮೊದಲು "ಐ ನೋ ಲೈಕ್" ಬರುತ್ತದೆ. ಆಮೇಲೆ "ಡೋಂಟ್" ಸೇರಿಕೊಳ್ಳುತ್ತದೆ, "ಹಿ ಡೋಂಟ್ ಲೈಕ್" ಎಂದು ಅದನ್ನೇ ಎಲ್ಲ ಕಡೆ ಹಾಕುತ್ತಾರೆ. ಸರಿಯಾದ "ಡಸಂಟ್" ಬರುವುದು ಇನ್ನೂ ಆಮೇಲೆ. ನಮ್ಮ ಪಾಠದ ಪಟ್ಟಿ ಈ ಕ್ರಮವನ್ನು ಬದಲಾಯಿಸುವುದಿಲ್ಲ. ಬೇಗ ದಾಟಲು ಸಹಾಯ ಮಾಡಬಹುದು, ಅಷ್ಟೇ.

ಇನ್ನೊಂದು ತೊಂದರೆ ಗಡಿಯಾರದ್ದು. ನಿಯಮ ಹೇಳುವುದು, ಅಭ್ಯಾಸ ಮಾಡಿಸುವುದು ಮುಗಿಯುವ ಹೊತ್ತಿಗೆ ಬೆಲ್ ಹೊಡೆಯುತ್ತದೆ. ಮಾತಾಡಿಸುವ ಭಾಗ ಯಾವಾಗಲೂ "ಮುಂದಿನ ಕ್ಲಾಸಿಗೆ". ಆ ಮುಂದಿನ ಕ್ಲಾಸು ಬರುವುದೇ ಇಲ್ಲ.

ಒಂದು ಪಾಠ ಹೇಗೆ ನಡೆಯುತ್ತದೆ? ಪೂರ್ತಿ ಉದಾಹರಣೆ ಕೊಡಿ.

ಜೇನ್ ವಿಲ್ಲಿಸ್ 1996ರಲ್ಲಿ ಕೊಟ್ಟ ಚೌಕಟ್ಟು ತರಗತಿಗೆ ಎಲ್ಲಕ್ಕಿಂತ ಸುಲಭವಾಗಿ ಒಗ್ಗುತ್ತದೆ. ಮೊದಲು ಟಾಸ್ಕ್‌ಗೆ ತಯಾರಿ. ಆಮೇಲೆ ಟಾಸ್ಕ್, ವರದಿಗೆ ತಯಾರಿ, ವರದಿ. ಕೊನೆಗೆ ಭಾಷೆಯ ಮೇಲೆ ಗಮನ. 45 ನಿಮಿಷದ ಒಂದು ಪಾಠ ಹೀಗಿರಬಹುದು.

ಟಾಸ್ಕ್: ಮೂವರು ಸೇರಿ ಒಂದು ದಿನದ ಪ್ರವಾಸದ ವೇಳಾಪಟ್ಟಿ ಮಾಡಬೇಕು. ಮ್ಯೂಸಿಯಂ, ಕೋಟೆ, ಕೆರೆಯ ದೋಣಿ ವಿಹಾರ ಮೂರೂ ಆಗಬೇಕು. ಒಬ್ಬರ ಕಾರ್ಡಿನಲ್ಲಿ ಬಸ್ಸಿನ ಸಮಯ ಇದೆ. ಇನ್ನೊಬ್ಬರ ಕಾರ್ಡಿನಲ್ಲಿ ಯಾವುದು ಯಾವಾಗ ತೆರೆದಿರುತ್ತದೆ ಎಂದಿದೆ. ಮೂರನೆಯವರ ಕಾರ್ಡಿನಲ್ಲಿ ಎಲ್ಲೆಲ್ಲಿ ಎಷ್ಟು ಹೊತ್ತು ಬೇಕು ಎಂದಿದೆ. ಕಾರ್ಡು ತೋರಿಸುವಂತಿಲ್ಲ. ಒಳಗೊಂದು ಕೊಕ್ಕೆ ಇಟ್ಟಿರಬೇಕು. ಮ್ಯೂಸಿಯಂ ಮಧ್ಯಾಹ್ನ 1ಕ್ಕೆ ಮುಚ್ಚುತ್ತದೆ. ಕೋಟೆ ತೆರೆಯುವುದೇ 2ಕ್ಕೆ, ನೋಡಲು ಎರಡು ಗಂಟೆ ಬೇಕು. ಕೊನೆಯ ದೋಣಿ 4ಕ್ಕೆ. ಕೋಟೆ ನೋಡಿಕೊಂಡು ಕೆರೆಗೆ ಹೋದರೆ ದೋಣಿ ಸಿಗುವುದಿಲ್ಲ.

ಮೊದಲ ಎಂಟು ನಿಮಿಷ ತಯಾರಿ. ಇದೇ ಥರದ ಚಿಕ್ಕ ಸಮಸ್ಯೆಯೊಂದನ್ನು ಇಡೀ ತರಗತಿಯ ಜೊತೆ ನೀವೇ ಬಿಡಿಸಿ, ಗಟ್ಟಿಯಾಗಿ ಯೋಚಿಸುತ್ತಾ. "ದ ಬಸ್ ಲೀವ್ಸ್ ಅಟ್ ನೈನ್ ಥರ್ಟಿ. ಇಟ್ ಟೇಕ್ಸ್ ಫಾರ್ಟಿ ಮಿನಿಟ್ಸ್. ಸೋ ವಿ ಗೆಟ್ ದೇರ್ ಅಟ್ ಟೆನ್ ಪಾಸ್ಟ್ ಟೆನ್." ನಿಯಮ ಹೇಳಬೇಡಿ, "ಈ ವಾಕ್ಯ ಬಳಸಿ" ಎಂದೂ ಹೇಳಬೇಡಿ. ಬೇಕಾದ ನಾಲ್ಕಾರು ಪದ ಬೋರ್ಡಿನ ಮೇಲಿರಲಿ.

ಮುಂದಿನ ಹತ್ತು ನಿಮಿಷ ಟಾಸ್ಕ್. ನೀವು ಓಡಾಡುತ್ತಾ ಕೇಳಿಸಿಕೊಳ್ಳಿ, ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ಕಿವಿಗೆ ಬೀಳುವುದು ಹೀಗಿರುತ್ತದೆ: "ಬೋಟ್ ಫೋರ್ ಓಕ್ಲಾಕ್ ಲಾಸ್ಟ್. ವಿ ಗೋ ಫೋರ್ಟ್, ನೋ ಬೋಟ್!" ವ್ಯಾಕರಣ ಹರಕು ಮುರುಕು, ಆದರೆ ಅರ್ಥ ಖಡಾಖಂಡಿತ. ಆ ಹುಡುಗಿ ಕೊಕ್ಕೆಯನ್ನು ಕಂಡುಹಿಡಿದಿದ್ದಾಳೆ, ಬೇರೆಯವರಿಗೆ ದಾಟಿಸಿದ್ದಾಳೆ. ಈಗ ಬಾಯಿ ಹಾಕಬೇಡಿ.

ಆಮೇಲೆ ಎಂಟು ನಿಮಿಷ ವರದಿಯ ತಯಾರಿ. "ನಿಮ್ಮ ಯೋಜನೆಯನ್ನು ಎಲ್ಲರ ಮುಂದೆ ಹೇಳಬೇಕು, ಬೇರೆ ಕ್ರಮ ಯಾಕೆ ಆಗುವುದಿಲ್ಲ ಅಂತಲೂ ಹೇಳಬೇಕು" ಎನ್ನಿ. ಮಜಾ ಇರುವುದು ಇಲ್ಲಿ. ಗುಂಪಿನ ಒಳಗೆ "ನೋ ಬೋಟ್" ಸಾಕಾಗಿತ್ತು. ಎಲ್ಲರ ಮುಂದೆ ನಿಂತು ಹೇಳುವಾಗ ಅದು ಸಾಲದು ಅಂತ ಅವರಿಗೇ ಗೊತ್ತಾಗುತ್ತದೆ. ಆಗ ಕೈ ಮೇಲೇಳುತ್ತದೆ: "ಸರ್, ಇದನ್ನ ಹೇಗೆ ಹೇಳೋದು?" ನೀವು "ಇಫ್ ವಿ ಗೋ ಟು ದ ಫೋರ್ಟ್ ಫಸ್ಟ್, ವಿ ವಿಲ್ ಮಿಸ್ ದ ಬೋಟ್" ಎಂದು ಕೊಡುತ್ತೀರಿ. ಅದನ್ನು ಅವಳು ಬರೆದುಕೊಳ್ಳುತ್ತಾಳೆ, ಏಕೆಂದರೆ ಅವಳಿಗೆ ಅದು ಇನ್ನೈದು ನಿಮಿಷದಲ್ಲಿ ಬೇಕು.

ವರದಿ ಎಂಟು ನಿಮಿಷ. ಎರಡೋ ಮೂರೋ ಗುಂಪು ಹೇಳಿದರೆ ಸಾಕು. ಉಳಿದವರಿಗೂ ಕೆಲಸ ಕೊಡಿ: ನಿಮ್ಮ ಯೋಜನೆಗೂ ಇದಕ್ಕೂ ಏನು ವ್ಯತ್ಯಾಸ, ಯಾವುದು ಬೇಗ ಮುಗಿಯುತ್ತದೆ, ಅಂತ.

ಉಳಿದ ಹತ್ತು ಹನ್ನೊಂದು ನಿಮಿಷ ಭಾಷೆಗೆ. ಓಡಾಡುವಾಗ ಗುರುತು ಹಾಕಿಕೊಂಡ ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆಯಿರಿ. "ಇಫ್" ಇರುವ ನಾಲ್ಕು ವಾಕ್ಯ ಇಟ್ಟು, ಮೊದಲ ಭಾಗದಲ್ಲಿ ಯಾವ ರೂಪ, ಎರಡನೆಯದರಲ್ಲಿ ಯಾವ ರೂಪ ಎಂದು ಅವರಿಂದಲೇ ಹೊರಡಿಸಿ. ಆಮೇಲೆ ಸ್ವಲ್ಪ ಅಭ್ಯಾಸ. ಹೌದು, ಇಲ್ಲಿ ಅಭ್ಯಾಸ ಮಾಡಿಸಬಹುದು, ಯಾರೂ ಬೈಯುವುದಿಲ್ಲ.

ನಾನು ನೋಡಿದ ಮಟ್ಟಿಗೆ ಈ ಪದ್ಧತಿ ಸೋಲುವುದು ಟಾಸ್ಕ್ ಕೆಟ್ಟದಾಗಿದ್ದಕ್ಕಲ್ಲ. ಟಾಸ್ಕ್ ಮುಗಿದ ಕೂಡಲೇ "ವೆರಿ ಗುಡ್, ಕೂತ್ಕೊಳ್ಳಿ" ಎಂದು ನಿಲ್ಲಿಸಿಬಿಡುವುದಕ್ಕೆ. ಆ ಹತ್ತು ನಿಮಿಷದ ಟಾಸ್ಕ್ ಇರುವುದೇ ಮುಂದಿನ ಇಪ್ಪತ್ತೈದು ನಿಮಿಷಕ್ಕೆ ಹಸಿವು ಹುಟ್ಟಿಸಲು.

ಹಾಗಾದ್ರೆ ವ್ಯಾಕರಣ ಹೇಳಿಕೊಡಲೇಬಾರದಾ?

ಹೇಳಿಕೊಡಬೇಕು. ಯಾವಾಗ ಎಂಬುದಷ್ಟೇ ಪ್ರಶ್ನೆ. ಪ್ರಭು ವ್ಯಾಕರಣವನ್ನು ಬಿಡಿಸಿ ಹೇಳುವುದೇ ಬೇಡ ಎಂಬ ಕಡೆಗಿದ್ದರು. ಅವರಷ್ಟು ದೂರ ಹೋಗುವವರು ಈಗ ಕಡಿಮೆ. ಲಾಂಗ್ ಹೇಳಿದ್ದು ಮಧ್ಯದ ದಾರಿ: ಅರ್ಥದ ಕೆಲಸ ನಡೆಯುತ್ತಿರುವಾಗ ತೊಡಕು ಬಂದ ಕಡೆ ಸ್ವಲ್ಪ ನಿಂತು ರೂಪದ ಕಡೆ ಗಮನ ಸೆಳೆಯುವುದು, ಮತ್ತೆ ಕೆಲಸಕ್ಕೆ ಮರಳುವುದು. ವಿಲ್ಲಿಸ್ ಚೌಕಟ್ಟಿನಲ್ಲಿ ಅದಕ್ಕೆ ಕೊನೆಯಲ್ಲಿ ಪ್ರತ್ಯೇಕ ಜಾಗವೇ ಇದೆ.

ನಿರ್ದಿಷ್ಟ ವ್ಯಾಕರಣ ಬರಲೇಬೇಕು ಎಂದಿದ್ದರೆ ಟಾಸ್ಕನ್ನೇ ಹಾಗೆ ಕಟ್ಟಬಹುದು. ಒಂದು ಕಳ್ಳತನ ನಡೆದಿದೆ. ನಾಲ್ವರು ಶಂಕಿತರು. ಆ ರಾತ್ರಿ 8ರಿಂದ 10ರವರೆಗೆ ಯಾರು ಎಲ್ಲಿದ್ದರು ಎಂದು ವಿಚಾರಿಸಿ, ಸುಳ್ಳು ಹೇಳಿದವರನ್ನು ಹಿಡಿಯಬೇಕು. ಭೂತಕಾಲ ಬಳಸದೆ ಇದನ್ನು ಮಾಡುವುದು ಕಷ್ಟ. ಆದರೆ ಎಚ್ಚರ: ಮಕ್ಕಳು "ಯೆಸ್ಟರ್ಡೇ ನೈಟ್ ಐ ಗೋ ಫ್ರೆಂಡ್ ಹೌಸ್" ಎಂದು ಹೇಳಿಯೂ ಕೆಲಸ ಸಾಧಿಸಿಬಿಡುತ್ತಾರೆ. ಭಾಷೆಯನ್ನು ಬಲವಂತವಾಗಿ ಹೊರಡಿಸಲು ಆಗುವುದಿಲ್ಲ, ಅವಕಾಶ ಮಾಡಿಕೊಡಬಹುದು ಅಷ್ಟೇ.

ತಪ್ಪುಗಳನ್ನು ತಕ್ಷಣ ತಿದ್ದದಿದ್ದರೆ ಅದೇ ಅಂಟಿಕೊಳ್ಳಲ್ವಾ?

ಈ ಭಯ ಸುಳ್ಳಲ್ಲ. ತಪ್ಪುಗಳ ಕಡೆ ಯಾವತ್ತೂ ಗಮನ ಕೊಡದಿದ್ದರೆ ಕೆಲವು ಗಟ್ಟಿಯಾಗಿ ಕೂತುಬಿಡುತ್ತವೆ. ಆದರೆ ಪ್ರತಿ ವಾಕ್ಯಕ್ಕೂ ತಡೆದು ತಿದ್ದಿದರೆ ಮಕ್ಕಳು ಮಾತಾಡುವುದನ್ನೇ ನಿಲ್ಲಿಸುತ್ತಾರೆ. ಆಗ ತಿದ್ದಲು ಏನೂ ಉಳಿಯುವುದಿಲ್ಲ.

ಟಾಸ್ಕ್ ನಡೆಯುವಾಗ ಅರ್ಥ ಕೆಟ್ಟರೆ ಮಾತ್ರ ಮಧ್ಯೆ ಬನ್ನಿ. ವರದಿಯ ತಯಾರಿಯಲ್ಲಿ ಧಾರಾಳವಾಗಿ ತಿದ್ದಿ, ಅಲ್ಲಿ ಅವರೇ ಕೇಳುತ್ತಿರುತ್ತಾರೆ. ಪಾಠದ ಕೊನೆಯಲ್ಲಿ ಐದಾರು ವಾಕ್ಯಗಳನ್ನು ಬೋರ್ಡಿಗೆ ತನ್ನಿ, ಹೇಳಿದವರ ಹೆಸರಿಲ್ಲದೆ. ಎಲ್ಲವೂ ತಪ್ಪು ವಾಕ್ಯಗಳೇ ಆಗಿರಬಾರದು. ಎರಡು ಚೆಂದದವೂ ಇರಲಿ. ಯಾವುದು ಸರಿ, ಯಾವುದು ಅಲ್ಲ ಎಂದು ಅವರೇ ವಾದಿಸಲಿ.

ಇನ್ನೊಂದು ಮಾತು. ನಾವು ಮೇಷ್ಟ್ರುಗಳು ಜಾಸ್ತಿ ಮಾಡುವುದು ಏನೆಂದರೆ, ಮಗು ತಪ್ಪಾಗಿ ಹೇಳಿದ್ದನ್ನು ಸರಿಯಾಗಿ ಮತ್ತೆ ಹೇಳಿ ಮುಂದೆ ಹೋಗುವುದು. ಮಗು "ಹಿ ಗೋ" ಎಂದರೆ ನಾವು "ಎಸ್, ಹಿ ಗೋಸ್" ಎನ್ನುತ್ತೇವೆ. ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಕೆನಡಾದ ಫ್ರೆಂಚ್ ಇಮ್ಮರ್ಶನ್ ತರಗತಿಗಳನ್ನು (ಅಂದರೆ ಬೇರೆ ವಿಷಯಗಳನ್ನೂ ಫ್ರೆಂಚಿನಲ್ಲೇ ಕಲಿಸುವ ತರಗತಿಗಳನ್ನು) ಗಮನಿಸಿ 1997ರಲ್ಲಿ ಬರೆದದ್ದು ಇದೇ: ಶಿಕ್ಷಕರು ಹೆಚ್ಚು ಬಳಸುವ ತಿದ್ದುಪಡಿ ಇದು, ಮಕ್ಕಳು ತಾವಾಗಿ ತಿದ್ದಿಕೊಳ್ಳಲು ಹೆಚ್ಚು ನೆರವಾಗದ್ದೂ ಇದೇ. ಮಗುವಿಗೆ ಅದು ತಿದ್ದುಪಡಿ ಅಂತ ಅನ್ನಿಸುವುದೇ ಇಲ್ಲ, ಒಪ್ಪಿಗೆ ಅನ್ನಿಸುತ್ತದೆ. ಅದರ ಬದಲು "ಹಿ... ?" ಎಂದು ನಿಲ್ಲಿಸಿ ಕಾಯುವುದು ಎಷ್ಟೋ ಸಲ ಮೇಲು.

ಗುಂಪಿನಲ್ಲಿ ಬಿಟ್ಟರೆ ತಾಯ್ನುಡಿಯಲ್ಲೇ ಮಾತಾಡಿಕೊಳ್ಳುತ್ತಾರೆ. ಏನು ಮಾಡೋದು?

ಮೊದಲು ಯಾತಕ್ಕಾಗಿ ಮಾತಾಡುತ್ತಿದ್ದಾರೆ ಅಂತ ಕಿವಿಗೊಟ್ಟು ಕೇಳಿ. ಟಾಸ್ಕ್ ಏನು ಅಂತ ಅರ್ಥ ಮಾಡಿಕೊಳ್ಳಲು ತಾಯ್ನುಡಿ ಬಳಸಿದರೆ ಬಿಟ್ಟುಬಿಡಿ, ಅದರಿಂದ ಹೊತ್ತು ಉಳಿಯುತ್ತದೆ. "ನಿನ್ನ ಸರದಿ", "ತಡಿ", "ಇನ್ನೊಂದ್ಸಲ ಹೇಳು" ಇಂಥವಕ್ಕೆ ಬಳಸಿದರೆ ಆ ಏಳೆಂಟು ಮಾತನ್ನು ಇಂಗ್ಲಿಷಿನಲ್ಲಿ ಕಲಿಸಿ ಗೋಡೆಗೆ ಅಂಟಿಸಿ. ಕೆಲವೇ ವಾರಗಳಲ್ಲಿ ನಾಲಿಗೆಗೆ ಹತ್ತುತ್ತದೆ.

ಇಡೀ ಟಾಸ್ಕನ್ನೇ ತಾಯ್ನುಡಿಯಲ್ಲಿ ಮುಗಿಸುತ್ತಿದ್ದರೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಟಾಸ್ಕ್ ಅವರ ಇಂಗ್ಲಿಷಿಗೆ ಮೀರಿದ್ದಾಗಿರುತ್ತದೆ, ಅಥವಾ ಇಂಗ್ಲಿಷ್ ಇಲ್ಲದೆಯೇ ಮುಗಿಯುವಂಥದ್ದಾಗಿರುತ್ತದೆ. ಕೊನೆಯ ವರದಿ ಇಂಗ್ಲಿಷಿನಲ್ಲೇ ಇರಬೇಕು ಎಂಬ ಒಂದು ನಿಯಮ ಗಟ್ಟಿಯಾಗಿದ್ದರೆ ಸಾಕು, ತಯಾರಿಯ ಹೊತ್ತಿಗೆ ಅವರೇ ದಾರಿಗೆ ಬರುತ್ತಾರೆ. ದಂಡ ಹಾಕುವ ಪದ್ಧತಿ ನನಗೆ ಸುತರಾಂ ಇಷ್ಟವಿಲ್ಲ. ಅದು ಕಲಿಸುವುದು ಮೌನವನ್ನು.

ಏನೂ ಬರದ ಆರಂಭಿಕರಿಗೆ ಟಾಸ್ಕ್ ಹೇಗೆ ಸಾಧ್ಯ?

ಟಾಸ್ಕ್ ಎಂದರೆ ಮಾತಾಡಲೇಬೇಕು ಅಂತ ಎಲ್ಲೂ ಇಲ್ಲ. ಕೇಳಿಸಿಕೊಂಡು ಮಾಡುವ ಟಾಸ್ಕ್‌ಗಳೇ ಆರಂಭಿಕರಿಗೆ ಸರಿ. ನೀವು ಹೇಳುತ್ತಾ ಹೋಗಿ, ಅವರು ಖಾಲಿ ಕೋಣೆಯ ಚಿತ್ರದಲ್ಲಿ ಮೇಜು, ಕಿಟಕಿ, ಬೆಕ್ಕು ಬರೆಯುತ್ತಾ ಹೋಗಲಿ. "ದ ಕ್ಯಾಟ್ ಈಸ್ ಅಂಡರ್ ದ ಟೇಬಲ್." ಪಕ್ಕದವರ ಚಿತ್ರದ ಜೊತೆ ಹೋಲಿಸಿ ನೋಡಲಿ. ನಕ್ಷೆಯ ಮೇಲೆ ದಾರಿ ಗುರುತಿಸುವುದು, ಐದು ಮುಖಗಳಲ್ಲಿ ನೀವು ವರ್ಣಿಸುತ್ತಿರುವುದು ಯಾವುದು ಎಂದು ಹುಡುಕುವುದು, ಎಲ್ಲ ಆಗುತ್ತದೆ. ಅವರು ಒಂದು ಪದವನ್ನೂ ಆಡದಿದ್ದರೂ ಅರ್ಥ ಮಾಡಿಕೊಂಡಿದ್ದಾರೋ ಇಲ್ಲವೋ ಎಂಬುದು ಕಾಗದದ ಮೇಲೆ ಕಾಣುತ್ತದೆ. ಮಾತು ತಾನಾಗಿ ಬರತೊಡಗುತ್ತದೆ, ಮೊದಲು "ವೇರ್?", "ಬಿಗ್?" ಅಂತ ಒಂದೊಂದೇ ಪದವಾಗಿ.

ತರಗತಿಯಲ್ಲಿ ಅರವತ್ತು ಜನ. ಗುಂಪು ಮಾಡಿದರೆ ಸಂತೆ.

ಗುಂಪು ಮಾಡಲೇಬೇಕು ಅಂತ ಹೇಳಿದವರು ಯಾರು? ಪ್ರಭು ಗುಂಪು ಕೆಲಸವನ್ನು ಬೇಕೆಂದೇ ದೂರ ಇಟ್ಟಿದ್ದರು. ಮಕ್ಕಳು ಪರಸ್ಪರರ ಹರಕು ಇಂಗ್ಲಿಷನ್ನೇ ಕೇಳಿ ಕಲಿಯುತ್ತಾರೆ ಎಂಬ ಅಳುಕು ಅವರಿಗಿತ್ತು. ಅವರ ಪಾಠದಲ್ಲಿ ಮೊದಲ ಭಾಗ ಶಿಕ್ಷಕ ಮತ್ತು ಇಡೀ ತರಗತಿ ಪ್ರಶ್ನೋತ್ತರದಲ್ಲಿ ಸೇರಿ ಬಿಡಿಸುವ ಟಾಸ್ಕ್. ಎರಡನೇ ಭಾಗದಲ್ಲಿ ಅದರಂಥದ್ದೇ ಇನ್ನೊಂದನ್ನು ಪ್ರತಿ ಮಗು ತಾನೇ ಬಿಡಿಸಬೇಕು. ಅಂದಾಜು ಅರ್ಧದಷ್ಟು ಮಕ್ಕಳಿಗೆ ಕನಿಷ್ಠ ಅರ್ಧ ಭಾಗವಾದರೂ ಸರಿ ಬಂದರೆ ಟಾಸ್ಕ್‌ನ ಮಟ್ಟ ಸರಿಯಾಗಿದೆ ಎಂಬುದು ಅವರ ಅಳತೆ. ದೊಡ್ಡ ತರಗತಿಗೆ ಇದಕ್ಕಿಂತ ನೇರ ದಾರಿ ಇಲ್ಲ.

ಗುಂಪಿನ ಬಗ್ಗೆ ಅವರಿಗಿದ್ದಷ್ಟು ಅಳುಕು ನನಗಿಲ್ಲ. ಆದರೆ ಅರವತ್ತು ಜನರ ಕೋಣೆಯಲ್ಲಿ ಐದೈದು ಜನರ ಗುಂಪಿಗಿಂತ ಪಕ್ಕಪಕ್ಕದ ಜೋಡಿ ಸುಲಭ. ಬೆಂಚು ಎಳೆಯಬೇಕಿಲ್ಲ, ಯಾರೂ ಸುಮ್ಮನೆ ಕೂರಲು ಜಾಗವಿಲ್ಲ. ಗದ್ದಲ ಇದ್ದೇ ಇರುತ್ತದೆ. ಪಕ್ಕದ ತರಗತಿಯವರಿಗೆ ಮೊದಲೇ ಒಂದು ಮಾತು ಹೇಳಿಡಿ.

ಬರುವವರೇ ಮಾತಾಡುತ್ತಾರೆ, ಉಳಿದವರು ಬಾಯಿ ಮುಚ್ಚಿ ಕೂರುತ್ತಾರಲ್ಲ?

ಮಾಹಿತಿಯನ್ನು ಹಂಚಿಬಿಡಿ. ಮೇಲಿನ ಪ್ರವಾಸದ ಟಾಸ್ಕ್‌ನಲ್ಲಿ ಮೂರು ಕಾರ್ಡು ಇಟ್ಟದ್ದು ಇದಕ್ಕೇ. ಬಸ್ಸಿನ ಸಮಯ ಯಾರ ಬಳಿ ಇದೆಯೋ ಅವರು ಬಾಯಿ ಬಿಡದೆ ಯಾರಿಗೂ ವಿಧಿಯಿಲ್ಲ. ಜಾಣನೊಬ್ಬ ಎಲ್ಲ ಮಾಡಿಮುಗಿಸಲು ಆಗುವುದಿಲ್ಲ. ಬರೆದುಕೊಳ್ಳುವ ಕೆಲಸವನ್ನು ಚೆನ್ನಾಗಿ ಬರುವವರಿಗೆ ಕೊಡಿ. ಆಗ ಅವರು ಕೇಳಬೇಕಾಗುತ್ತದೆ.

ಟಾಸ್ಕ್ ಕಷ್ಟವಾಯಿತು ಅನ್ನಿಸಿದರೆ ಹೇಗೆ ಸುಲಭ ಮಾಡೋದು?

ಪದಗಳನ್ನು ಸುಲಭ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಯೋಚಿಸಲು ಹೊತ್ತು ಕೊಡುವುದು. ಸ್ಕೀಹನ್ ಅವರ ವಾದ ಹೀಗಿದೆ: ನಮ್ಮ ಗಮನಕ್ಕೆ ಮಿತಿ ಇದೆ. ಸರಾಗವಾಗಿ ಮಾತಾಡುವುದು, ತಪ್ಪಿಲ್ಲದೆ ಮಾತಾಡುವುದು, ಸಂಕೀರ್ಣ ವಾಕ್ಯ ಕಟ್ಟುವುದು ಮೂರೂ ಆ ಗಮನಕ್ಕಾಗಿ ಕಿತ್ತಾಡುತ್ತವೆ. ಒಂದು ಕಡೆ ಜಾಸ್ತಿ ಹರಿದರೆ ಇನ್ನೊಂದು ಕಡೆ ಬರಿದಾಗುತ್ತದೆ. ಅವರು ಮತ್ತು ಪಾಲಿನ್ ಫಾಸ್ಟರ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟಾಸ್ಕ್‌ಗೆ ಮುಂಚೆ ಹತ್ತು ನಿಮಿಷ ಯೋಚಿಸಲು ಸಿಕ್ಕವರು ಹೆಚ್ಚು ಸರಾಗವಾಗಿಯೂ ಹೆಚ್ಚು ಸಂಕೀರ್ಣವಾಗಿಯೂ ಮಾತಾಡಿದರು.

ಗೊತ್ತಿರುವ ವಿಷಯ ಗೊತ್ತಿಲ್ಲದ್ದಕ್ಕಿಂತ ಸುಲಭ. ಕಣ್ಣೆದುರು ಇರುವುದು ನೆನಪಿನಿಂದ ಹೇಳುವುದಕ್ಕಿಂತ ಸುಲಭ. ಮೂರು ಆಯ್ಕೆ ಏಳು ಆಯ್ಕೆಗಿಂತ ಸುಲಭ. ಇವನ್ನು ಹಿಂದೆ ಮುಂದೆ ಮಾಡಿದರೆ ಒಂದೇ ಟಾಸ್ಕನ್ನು ಬೇರೆ ಬೇರೆ ಮಟ್ಟಕ್ಕೆ ಹೊಂದಿಸಬಹುದು.

ಒಂದೇ ಟಾಸ್ಕನ್ನು ಎರಡನೇ ಸಲ ಮಾಡಿಸಿದರೆ ಬೇಜಾರಾಗಲ್ವಾ?

ಜೊತೆಗಾರರನ್ನು ಬದಲಿಸಿದರೆ ಆಗುವುದಿಲ್ಲ. ಎರಡನೇ ಸಲ ಏನು ಹೇಳಬೇಕು ಎಂಬ ಚಿಂತೆ ಇರುವುದಿಲ್ಲ, ಹೇಗೆ ಹೇಳಬೇಕು ಎಂಬ ಕಡೆ ಗಮನ ಹೋಗುತ್ತದೆ. ಒಂದೇ ಕತೆಯನ್ನು ಮೊದಲು ನಾಲ್ಕು ನಿಮಿಷ, ಆಮೇಲೆ ಬೇರೆಯವರಿಗೆ ಮೂರು, ಇನ್ನೊಬ್ಬರಿಗೆ ಎರಡು ನಿಮಿಷದಲ್ಲಿ ಹೇಳಿಸುವ ಪ್ರಸಿದ್ಧ ವಿಧಾನ ಒಂದಿದೆ. ಮೂರನೇ ಸುತ್ತಿಗೆ ತಡವರಿಕೆ ಎಷ್ಟು ಇಳಿಯುತ್ತದೆ ಎಂದು ನೀವೇ ಕೇಳಿ ನೋಡಿ.

ಕೆಲಸಕ್ಕೆ ಹೋಗುವ ದೊಡ್ಡವರಿಗೆ ಇದು ಹೊಂದುತ್ತದಾ?

ಮಕ್ಕಳಿಗಿಂತ ಚೆನ್ನಾಗಿ. ಅವರಿಗೆ ಇಂಗ್ಲಿಷ್ ಯಾತಕ್ಕೆ ಬೇಕು ಅಂತ ಖಚಿತವಾಗಿ ಗೊತ್ತಿರುತ್ತದೆ. ಲಾಂಗ್ ಹೇಳಿದ್ದು ಇಲ್ಲಿಂದಲೇ ಶುರು ಮಾಡಿ ಎಂದು: ಮೊದಲು ಅವರ ಅಗತ್ಯ ಏನೆಂದು ವಿಚಾರಿಸಿ, ನಿಜ ಜೀವನದ ಕೆಲಸಗಳ ಪಟ್ಟಿ ಮಾಡಿ, ಅವುಗಳಿಗೆ ಒಯ್ಯುವ ಪಾಠದ ಟಾಸ್ಕ್‌ಗಳನ್ನು ಕಟ್ಟಿ. ಸ್ವಾಗತಕಾರರಿಗೆ ಬೇಕಾದ್ದು ಫೋನಿನಲ್ಲಿ ಸಂದೇಶ ಬರೆದುಕೊಳ್ಳುವುದು ಎಂದಿಟ್ಟುಕೊಳ್ಳಿ. ಮೊದಲು ನಿಧಾನವಾದ ಕರೆ ಕೇಳಿ ಹೆಸರು, ನಂಬರು ಬರೆಯುವುದು. ಆಮೇಲೆ ಸದ್ದುಗದ್ದಲದ ನಡುವಿನ ಕರೆ. ಆಮೇಲೆ ಅರ್ಥವಾಗದ್ದನ್ನು ತಿರುಗಿ ಕೇಳುವುದು. ಕೊನೆಗೆ ಸಿಟ್ಟಾದ ಗ್ರಾಹಕ.

ಅಂಕ ಹೇಗೆ ಕೊಡೋದು? ಪರೀಕ್ಷೆಯಲ್ಲಿ ವ್ಯಾಕರಣವೇ ಬರುತ್ತಲ್ಲ?

ಟಾಸ್ಕ್‌ನಲ್ಲಿ ಕಲಿಸಿ ಬಿಟ್ಟ ಸ್ಥಳ ತುಂಬಿಸುವ ಪರೀಕ್ಷೆ ಕೊಟ್ಟರೆ ಮಕ್ಕಳು ಬಿಟ್ಟ ಸ್ಥಳವನ್ನೇ ನಂಬುತ್ತಾರೆ. ನಿಮ್ಮ ಕೈಯಲ್ಲಿರುವ ಅಂಕಗಳನ್ನಾದರೂ ಟಾಸ್ಕ್‌ಗೆ ಕೊಡಿ: ಕೆಲಸ ಆಯಿತೇ, ಕೇಳಿದವರಿಗೆ ಅರ್ಥವಾಯಿತೇ, ಭಾಷೆ ಎಷ್ಟು ಸರಿ ಇತ್ತು, ಮೂರಕ್ಕೂ ಬೇರೆ ಬೇರೆಯಾಗಿ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ತಂದ ಭಾಷಾ ಚೌಕಟ್ಟು (ಸಿಇಎಫ್‌ಆರ್) ಕಲಿಯುವವರ ಮಟ್ಟವನ್ನು "ಏನು ಮಾಡಬಲ್ಲರು" ಎಂಬ ವಾಕ್ಯಗಳಲ್ಲೇ ಹೇಳುತ್ತದೆ. ಅಂಕಪಟ್ಟಿ ಮಾಡಲು ಅದು ಒಳ್ಳೆಯ ಆಸರೆ.

ಹೊರಗಿನ ಪರೀಕ್ಷೆ ನಮ್ಮ ಕೈಯಲ್ಲಿಲ್ಲ. ಪರೀಕ್ಷೆಗೆ ತಿಂಗಳೊಂದೆರಡು ಇರುವಾಗ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಈ ಪದ್ಧತಿಯನ್ನು ಟೀಕಿಸುವವರೂ ಇದ್ದಾರಂತೆ?

ಇದ್ದಾರೆ, ಮತ್ತು ಅವರ ಮಾತಿನಲ್ಲಿ ಹುರುಳೂ ಇದೆ. ಮೈಕೆಲ್ ಸ್ವಾನ್ 2005ರಲ್ಲಿ ಬರೆದ ಲೇಖನ ಇದರಲ್ಲಿ ಹೆಸರುವಾಸಿ. ವಾರಕ್ಕೆ ಮೂರೋ ನಾಲ್ಕೋ ಗಂಟೆ ಮಾತ್ರ ಇಂಗ್ಲಿಷ್ ಕಿವಿಗೆ ಬೀಳುವ ಕಡೆ ಟಾಸ್ಕ್ ಮಾಡುತ್ತಾ ಕೂತರೆ ಹೊಸ ಭಾಷೆ ಎಲ್ಲಿಂದ ಬರಬೇಕು ಎಂಬುದು ಅವರ ಆಕ್ಷೇಪಗಳಲ್ಲಿ ಒಂದು. ಇದ್ದ ಭಾಷೆಯನ್ನೇ ತಿರುಗಿಸಿ ಮುರುಗಿಸಿ ಬಳಸುವುದಾಗುತ್ತದೆ ಅಷ್ಟೇ. ಈ ಮಾತನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಉತ್ತರ ಇರುವುದು ತಯಾರಿಯಲ್ಲಿ. ಟಾಸ್ಕ್‌ಗೆ ಮುಂಚೆ ಒಳ್ಳೆಯ ಇಂಗ್ಲಿಷ್ ಕೇಳಿಸಬೇಕು, ಓದಿಸಬೇಕು. ಬರೀ ಕಾರ್ಡು ಹಂಚಿ "ಶುರು ಮಾಡಿ" ಎಂದರೆ ಸ್ವಾನ್ ಹೇಳಿದ್ದೇ ಆಗುತ್ತದೆ.

ಬೆಂಗಳೂರು ಪ್ರಾಜೆಕ್ಟನ್ನು ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಪರಿಶೀಲಿಸಿ 1985ರಲ್ಲಿ ವರದಿ ಮಾಡಿದರು. ಟಾಸ್ಕ್‌ನಲ್ಲಿ ಕಲಿತ ಮಕ್ಕಳು ಟಾಸ್ಕ್ ಮಾದರಿಯ ಪರೀಕ್ಷೆಯಲ್ಲಿ ಮುಂದಿದ್ದರು. ಹಳೆಯ ಪದ್ಧತಿಯಲ್ಲಿ ಕಲಿತವರು ವ್ಯಾಕರಣ ರಚನೆಯ ಪರೀಕ್ಷೆಯಲ್ಲಿ ಮುಂದಿದ್ದರು. ಇದರಲ್ಲಿ ಆಶ್ಚರ್ಯವೇನಿಲ್ಲ. ಎರಡೂ ಕಡೆಗೆ ವಾಲದ ಪರೀಕ್ಷೆಗಳ ಫಲಿತಾಂಶ ಒಟ್ಟಿನಲ್ಲಿ ಪ್ರಾಜೆಕ್ಟಿನ ಪರವಾಗಿತ್ತು. ಪೂರ್ತಿ ಗೆಲುವು ಎನ್ನಲು ಆಗದು, ಸೋಲಂತೂ ಅಲ್ಲ.

ಪಠ್ಯಪುಸ್ತಕ ಬಿಡುವ ಹಾಗಿಲ್ಲ. ಅದನ್ನೇ ಇಟ್ಟುಕೊಂಡು ಮಾಡಬಹುದಾ?

ಆಗುತ್ತದೆ. ಪಾಠದ ಕೊನೆಯಲ್ಲಿರುವ ಚಟುವಟಿಕೆಯನ್ನು ಮೊದಲಿಗೆ ತನ್ನಿ, ಅದಕ್ಕೊಂದು ಫಲ ಜೋಡಿಸಿ. ಕತೆಯ ಪಾಠವಾದರೆ ಚಿತ್ರಗಳನ್ನು ಕಲಸಿ ಕೊಟ್ಟು ಕ್ರಮ ಊಹಿಸಲು ಹೇಳಿ. ಆಮೇಲೆ ಓದಿ ತಾಳೆ ನೋಡಲಿ. ವ್ಯಾಕರಣದ ಪೆಟ್ಟಿಗೆಯನ್ನು ಕೊನೆಗೆ ದಾಟಿಸಿ. ಪುಟಗಳು ಅವೇ, ಕ್ರಮ ಮಾತ್ರ ತಲೆಕೆಳಗು.

ನನ್ನದೇ ಇಂಗ್ಲಿಷ್ ಅಷ್ಟಕ್ಕಷ್ಟೇ. ಮಕ್ಕಳು ಏನೇನೋ ಕೇಳಿದರೆ?

ಕೇಳುತ್ತಾರೆ. ಟಾಸ್ಕ್‌ನಲ್ಲಿ ಮಾತು ಎತ್ತ ಹೋಗುತ್ತದೆ ಅಂತ ಮೊದಲೇ ಹೇಳಲಾಗದು, ಅದೇ ಇದರ ಅಂಜಿಕೆ. ಒಂದು ಉಪಾಯ: ಹಿಂದಿನ ದಿನ ಸಹೋದ್ಯೋಗಿಯ ಜೊತೆ ಕೂತು ಟಾಸ್ಕನ್ನು ನೀವೇ ಇಂಗ್ಲಿಷಿನಲ್ಲಿ ಮಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾವ ಮಾತುಗಳು ಬೇಕಾಗುತ್ತವೆ ಎಂಬುದು ಬಹುಪಾಲು ಅಲ್ಲೇ ಸಿಗುತ್ತದೆ. ಟಾಸ್ಕ್‌ನಲ್ಲಿರುವ ಓರೆಕೋರೆಯೂ ಗೊತ್ತಾಗುತ್ತದೆ. ಆ ರೆಕಾರ್ಡಿಂಗನ್ನೇ ಮಾರನೇ ದಿನ ಮಾದರಿಯಾಗಿ ಕೇಳಿಸಬಹುದು. ಗೊತ್ತಿಲ್ಲದ ಪದ ಬಂದರೆ ಮಕ್ಕಳ ಜೊತೆಗೇ ನಿಘಂಟು ತೆರೆಯಿರಿ.

ವಾರದಲ್ಲಿ ಎಷ್ಟು ಪಾಠ ಹೀಗೆ ಮಾಡಬೇಕು?

ಶುರುವಿನಲ್ಲಿ ಒಂದು. ಅದೂ ಚಿತ್ರದ ವ್ಯತ್ಯಾಸದಂಥ ಚಿಕ್ಕದು. ನಿಮಗೂ ಮಕ್ಕಳಿಗೂ ಲಯ ಸಿಕ್ಕಿದ ಮೇಲೆ ಹೆಚ್ಚಿಸಿ.

ಟಾಸ್ಕ್ ಮಧ್ಯದಲ್ಲೇ ಬೆಲ್ ಹೊಡೆದರೆ?

ಆಗಾಗ ಹಾಗಾಗುತ್ತದೆ. ಹಾಗಾಗಿ ಟಾಸ್ಕ್‌ಗೆ ಮೊದಲೇ ಗಡುವು ಹೇಳಿ: "ಹತ್ತು ನಿಮಿಷ". ಎಲ್ಲರೂ ಮುಗಿಸಲಿ ಅಂತ ಕಾಯಬೇಡಿ. ಅರ್ಧಕ್ಕಿಂತ ಹೆಚ್ಚು ಜನ ಮುಗಿಸಿದ ಕೂಡಲೇ ನಿಲ್ಲಿಸಿ. ಆದರೂ ಹೊತ್ತು ಮೀರಿದರೆ ಕಾರ್ಡುಗಳನ್ನೂ ಅವರ ಟಿಪ್ಪಣಿಗಳನ್ನೂ ಹೆಸರು ಬರೆಸಿ ಇಸಿದುಕೊಳ್ಳಿ. ಮುಂದಿನ ತರಗತಿಯನ್ನು ವರದಿಯ ತಯಾರಿಯಿಂದ ಶುರು ಮಾಡಿ. ನೀವು ಗುರುತು ಹಾಕಿಕೊಂಡ ವಾಕ್ಯಗಳ ಕಾಗದವನ್ನೂ ಅವುಗಳ ಜೊತೆಗೇ ಪಿನ್ ಮಾಡಿಡಿ, ಮಾರನೇ ದಿನ ಮೊದಲು ಕಳೆದುಹೋಗುವುದು ಅದೇ.